ಗಾದಿ ಅಂಗಡಿಯ ಬೆಂಕಿ ವಿಮೆ

"ಏನವ್ವ, ಮೌಲಾಬಿ ಗಾದಿ ಅಂಗಡಿ ಎಲ್ಲೈತಿ?" ಗದಗಿನ ಸಂದಿಗಳಲ್ಲಿ ದಾರಿ ತಪ್ಪಿದ ವಿಮಾ ಸಾಹೇಬರು ಕೇಳಿದ್ದು ಮೌಲಾಬಿಯನ್ನೇ. ನಕ್ಕು ಕರೆತಂದಳು.

ಹತ್ತಿ ರಾಶಿಯ ಪಕ್ಕ ಕೂತು ಸಾಹೇಬರು ಸಿಗರೇಟು ಹಚ್ಚಿದರು. "ಬೆಂಕಿ ಅಪಾಯ ಇದ್ದದ್ದೆಲ್ಲ ಹೇಳಬೇಕು. ಮುಚ್ಚಿಟ್ಟರೆ ಪರಿಹಾರ ಇಲ್ಲ."

ಹಳೇ ವೈರು ಅಂದಳು, ಪ್ರೀಮಿಯಂ ಏರಿತು. ಪಕ್ಕದಲ್ಲಿ ಬೇಕರಿ ಭಟ್ಟಿ ಅಂದಳು, ಮತ್ತೂ ಏರಿತು. ಮೌಲಾಬಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಖರೆ ಹೇಳಿದಷ್ಟೂ ದಂಡವೇ? ಇನ್ನೊಮ್ಮೆ ಏರಿದರೆ ವಿಮೆಯ ಆಸೆಯನ್ನೇ ಬಿಡಬೇಕು.

"ಒಳಗೆ ಯಾರಾದರೂ ಬೀಡಿ, ಸಿಗರೇಟು ಸೇದ್ತಾರೇನು?"

"ಇವತ್ತಿನತನಕ ಯಾರೂ ಇಲ್ಲರಿ. ಈಗ ಒಬ್ಬರು ಸೇದಾಕತ್ತಾರ. ಮುಚ್ಚಿಡಬಾರದಲ್ಲರಿ, ನಿಮ್ಮ ಹೆಸರು ಏನಂತ ಬರಸ್ಲಿ?"

ಸಾಹೇಬರು ತಬ್ಬಿಬ್ಬಾಗಿ ಹೊರಗೋಡಿ ಸಿಗರೇಟು ಹೊಸಕಿದರು. ಬಂದು 'ಸೇದುವವರಿಲ್ಲ' ಎಂದು ಬರೆದರು. ಅದಕ್ಕೆ ರಿಯಾಯಿತಿ ಇತ್ತು, ಪ್ರೀಮಿಯಂ ಇಳಿಯಿತು. ಮೌಲಾಬಿ ಅಲ್ಲೇ ಹಣ ಕಟ್ಟಿದಳು. ಬಾಯಿವಾಸನೆ ಹೋಗಲೆಂದು ಸಾಹೇಬರಿಗೆ ಒಂದು ಏಲಕ್ಕಿಯನ್ನೂ ಕೊಟ್ಟಳು.