ದಫೇದಾರನ ಎಂಟು ಮಾತು

"ಅವ್ವಾ, ಮನಸ್ಸು ಕದಡಿದವರು ಎದುರಾದರೆ ಹೇಗೆ ನಡೆದುಕೊಳ್ಳಬೇಕು ಎಂದು ಪೊಲೀಸರಿಗೆ ಪಾಠ ಹೇಳುವ ಕೆಲಸ ನನಗೆ ಬಂದಿದೆ. ಏನು ಕಲಿಸಲಿ?"

ಹೀಗೆ ಕೇಳಿದವನು ಬಸಲಿಂಗ, ಪೊಲೀಸ್ ತರಬೇತಿ ಶಾಲೆಯ ಮೇಷ್ಟ್ರು. ಬರೆದುಕೊಳ್ಳಲು ಪುಸ್ತಕವನ್ನೂ ತಂದಿದ್ದ. ಮಠದ ಅವ್ವ ಅವನನ್ನು ಕೂರಿಸಿ ಈ ಕತೆ ಹೇಳಿದಳು.

ಒಂದು ಪೇಟೆಯಲ್ಲಿ ಒಬ್ಬ ದಫೇದಾರನಿದ್ದ. ಅವನ ಕೈಕೆಳಗೆ ಹನ್ನೆರಡು ಮಂದಿ ಕಾವಲುಗಾರರು. ಒಬ್ಬನೇ ಮಾತಾಡುತ್ತ ಬೀದಿ ಸುತ್ತುತ್ತಿದ್ದವನೊಬ್ಬನನ್ನು ಅವರು ಹಗ್ಗದಲ್ಲಿ ಬಿಗಿದು ಎಳೆದು ಕೈ ಮುರಿದಿದ್ದರು. ಬಡವನ ಕೈಯಾಗಿದ್ದರೆ ಯಾರು ಕೇಳುತ್ತಿದ್ದರು? ಅದು ದೇಸಾಯಿಯ ಭಾವಮೈದುನನ ಕೈ. ಅವನು ಕಾಶಿಗೆ ಹೋಗಿದ್ದಾನೆಂದು ಊರಿಗೆಲ್ಲ ಹೇಳಿ, ಹಿತ್ತಿಲ ಕೋಣೆಯಲ್ಲಿ ಕೂಡಿಹಾಕಿದ್ದರು ದೊಡ್ಡ ಮನೆಯವರು. ಅವನು ತಪ್ಪಿಸಿಕೊಂಡು ಬಂದು ಆ ಗುಟ್ಟು ಬೀದಿಗೆ ಬಿದ್ದ ಸಿಟ್ಟೂ ಸೇರಿಕೊಂಡಿತು. ದೇಸಾಯಿ ದಫೇದಾರನನ್ನು ಕರೆಸಿ, ಆಳುಗಳಿಗೆ ಬುದ್ಧಿ ಕಲಿಸು, ಇನ್ನೊಮ್ಮೆ ಹೀಗಾದರೆ ನಿನ್ನ ರುಮಾಲು ಇಳಿಸುತ್ತೇನೆ ಎಂದ.

ದಫೇದಾರ ಕೂತು ಎಂಟು ಮಾತು ಹೊಂದಿಸಿದ. ಹೆದರಬೇಡ. ನಾವು ನಿನ್ನವರು. ನಿನ್ನ ಕಷ್ಟ ಹೇಳು. ಹೀಗೆ ಎಂಟು, ಎಲ್ಲವೂ ಒಳ್ಳೆಯ ಮಾತೇ. ಆದರೆ ಕಲಿಸುವುದೆಂದರೆ ಅವನಿಗೆ ಗೊತ್ತಿದ್ದದ್ದು ಕವಾಯತು ಒಂದೇ. ದಿನಾ ಬೆಳಿಗ್ಗೆ ಆಳುಗಳನ್ನು ಸಾಲಾಗಿ ನಿಲ್ಲಿಸಿ, ಹಿಮ್ಮಡಿ ಕುಟ್ಟಿಸಿ, ಎಂಟನ್ನೂ ಒಂದೇ ದನಿಯಲ್ಲಿ ಹೇಳಿಸಿದ. ಒಂದು ತಿಂಗಳಲ್ಲಿ ಹನ್ನೆರಡು ಗಂಟಲು ಒಂದೇ ಗಂಟಲಾಯಿತು. ದಫೇದಾರ ಮೀಸೆ ತಿರುವಿಕೊಂಡ.

ಒಂದು ಮಧ್ಯಾಹ್ನ ಜವಳಿ ವ್ಯಾಪಾರಿಯ ಸೊಸೆ ಕೂದಲು ಬಿಚ್ಚಿಕೊಂಡು ಬಂದು ಅಂಗಡಿಯ ಮೆಟ್ಟಿಲ ಮೇಲೆ ಕೂತಳು. ಕೈಯಲ್ಲಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ. ಅದರ ಬಾಯಿ ತೆರೆದು ತನ್ನ ಗಂಟಲಿಗೇ ಒತ್ತಿಕೊಂಡಿದ್ದಳು. ಪೇಟೆಗೆ ಹಬ್ಬವಾಯಿತು. ಒಲೆಯ ಮೇಲಿನ ಅನ್ನ ಸೀದರೂ ಸರಿ ಎಂದು ಹೆಂಗಸರು ಮಾಳಿಗೆ ಹತ್ತಿದರು. ಅಂಗಡಿಯ ಗುಮಾಸ್ತನ ಜೊತೆ ಏನೋ ಇತ್ತಂತೆ ಎಂದಳು ಒಬ್ಬಳು. ಅಲ್ಲ, ಅವಳಿಗೆ ಹುಣಸೆಮರದ್ದು ಮೆಟ್ಟಿಕೊಂಡಿದೆ ಎಂದಳು ಇನ್ನೊಬ್ಬಳು. ಗಂಡನೆಂಬುವನು ಬಟ್ಟೆಯ ಗಂಟುಗಳ ಹಿಂದೆ ಮುಖ ಮುಚ್ಚಿಕೊಂಡಿದ್ದ.

ದಫೇದಾರ ಆಳುಗಳೊಂದಿಗೆ ಓಡಿ ಬಂದ. ಹನ್ನೆರಡೂ ಮಂದಿ ಅವಳ ಮುಂದೆ ಸಾಲು ನಿಂತರು, ಹಿಮ್ಮಡಿ ಕುಟ್ಟಿದರು, "ಹೆದರಬೇಡ!" ಎಂದು ಗರ್ಜಿಸಿದರು. ಪಾರಿವಾಳಗಳು ಹಾರಿದವು. ಕತ್ತೆಯೊಂದು ಹಗ್ಗ ಕಿತ್ತುಕೊಂಡು ಓಡಿತು. ಎರಡನೆಯ ಮಾತು ಮುಗಿಯುವಷ್ಟರಲ್ಲಿ ಅವಳ ಕತ್ತಿನ ಮೇಲೆ ರಕ್ತ ಕಾಣಿಸಿತು.

ಆಳುಗಳು ಒಂದು ಅಕ್ಷರವನ್ನೂ ತಪ್ಪಿರಲಿಲ್ಲ. ದಫೇದಾರ ಕಲಿಸಿದ್ದೇ ಅದು. ಸಾಲನ್ನು ಹಿಂದೆ ತಿರುಗಿಸಿ, ಮಾಳಿಗೆಯವರನ್ನೆಲ್ಲ ಇಳಿಸಿ ಬೀದಿ ಖಾಲಿ ಮಾಡಲು ಕಳಿಸಿದ. ಕೋಲು ದೂರ ಇಟ್ಟು, ಅವಳಿಗಿಂತ ಎರಡು ಮೆಟ್ಟಿಲು ಕೆಳಗೆ ಕೂತ. ತಾನೇ ಹೊಂದಿಸಿದ ಎಂಟರಲ್ಲಿ ಒಂದೂ ಬಾಯಿಗೆ ಬರಲಿಲ್ಲ.

"ಏನು ದಫೇದಾರರೇ, ಇನ್ನೂ ಏನಾದರೂ ಉಳಿದಿದೆಯಾ? ಅದನ್ನೂ ಒದರಿಬಿಡಿ," ಎಂದಳು ಅವಳು.

"ಇಲ್ಲ ತಾಯಿ. ಏನು ಹೇಳಬೇಕೋ ನನಗೆ ಗೊತ್ತಾಗುತ್ತಿಲ್ಲ."

"ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದೆ."

ದಫೇದಾರ ಕೂತಲ್ಲಿಂದ ಏಳಲಿಲ್ಲ. ಕೊನೆಗೆ ಅವಳೇ ಹೇಳತೊಡಗಿದಳು. ನಾಲ್ಕು ತಿಂಗಳ ಹಿಂದೆ ಅವಳ ಕೂಸು ತೊಟ್ಟಿಲಲ್ಲೇ ತೀರಿಕೊಂಡಿತ್ತು. ಹಲ್ಲು ಬಾರದ ಕೂಸಿಗೆ ಸೂತಕವಿಲ್ಲ ಎಂದರು ಹಿರಿಯರು. ತೊಟ್ಟಿಲು ಅಟ್ಟ ಸೇರಿತು. ಸತ್ತ ಕೂಸಿನ ಹೆಸರು ಎತ್ತಿದರೆ ಮುಂದಿನದಕ್ಕೆ ಕೇಡು ಎಂದಳು ಅತ್ತೆ. ಅಂದಿನಿಂದ ಇವಳಿಗೆ ನಿದ್ದೆಯಿಲ್ಲ. ಇಷ್ಟು ಹೇಳಿ, ಆ ಮೆಟ್ಟಿಲ ಮೇಲೆ, ಆ ಹೆಸರು ಹೇಳಿದಳು. ಅದನ್ನು ಯಾರು ಇಟ್ಟದ್ದು ಎಂದು ದಫೇದಾರ ಕೇಳಿದ. ಅವನು ಕೇಳಿದ್ದು ಅದೊಂದೇ. ಎದುರು ಮಾಳಿಗೆಯ ನೆರಳು ಬೀದಿ ದಾಟುವವರೆಗೂ ಅವಳು ಮಾತಾಡಿದಳು. ಬಾಯಾರಿ ನೀರು ಕೇಳಿದಳು. ತುಂಬಿದ ಚೊಂಬು ಹಿಡಿಯಲು ಎರಡೂ ಕೈ ಬೇಕಾಗಿ ಕತ್ತರಿ ಕೆಳಗಿಟ್ಟಳು. ಅದನ್ನು ಕಸಿದುಕೊಳ್ಳಲು ದಫೇದಾರನ ಕೈ ತುರಿಸಿತು. ಆದರೂ ಕೈಯನ್ನು ಮೊಣಕಾಲಿನ ಮೇಲೇ ಇಟ್ಟುಕೊಂಡ. ನೀರು ಕುಡಿದು ಅವಳೇ ಕತ್ತರಿಯನ್ನು ಅವನ ಕಡೆಗೆ ಸರಿಸಿದಳು.

ಅಣ್ಣ ಬಂದು ತವರಿಗೆ ಕರೆದುಕೊಂಡು ಹೋದ. ಅಲ್ಲಿ ವೈದ್ಯರ ಔಷಧಿಯೂ ಆಯಿತು, ತಾಯಿಯ ಮಗ್ಗುಲಲ್ಲಿ ನಿದ್ದೆಯೂ ಆಯಿತು. ಆರು ತಿಂಗಳಿಗೆ ಮೈ ತುಂಬಿಕೊಂಡು ಹಿಂದಿರುಗಿ, ಅಟ್ಟದಿಂದ ತೊಟ್ಟಿಲು ಇಳಿಸಿದಳು. ಅತ್ತೆಯ ಮುಂದೆಯೇ ಆ ಹೆಸರು ಹೇಳುತ್ತಿದ್ದಳು. ಒಂದು ದಿನ ಅತ್ತೆಯ ಬಾಯಲ್ಲೂ ಅದು ಬಂತು.

ದಫೇದಾರ ಕವಾಯತು ಬಿಟ್ಟ. ಆಳುಗಳನ್ನು ಜೋಡಿಜೋಡಿಯಾಗಿ ಕೂರಿಸಿದ. ಒಬ್ಬ ತನ್ನ ಮನೆಯ ಕಷ್ಟ ಹೇಳಬೇಕು, ಇನ್ನೊಬ್ಬ ಬಾಯಲ್ಲಿ ಎಲೆಅಡಿಕೆ ತುಂಬಿಕೊಂಡು ಕೇಳಬೇಕು. ಮೊದಲ ದಿನ ಒಬ್ಬನಿಗೂ ತಡೆಯಲಾಗಲಿಲ್ಲ. ಒಬ್ಬ ಉಗುಳಿ ಉಪದೇಶ ಶುರು ಮಾಡಿದ. ಇನ್ನೊಬ್ಬ ತನ್ನ ಕಷ್ಟ ಇದಕ್ಕಿಂತ ದೊಡ್ಡದೆಂದು ಜಗಳಕ್ಕೇ ನಿಂತ. ಮಳೆಗಾಲ ಮುಗಿಯುವ ಹೊತ್ತಿಗೆ ಎಲ್ಲರಿಗೂ ಅಭ್ಯಾಸವಾಯಿತು. ಮನೆಯಲ್ಲೂ ಹೆಂಡಿರ ಮಾತನ್ನು ಕೊನೆಯವರೆಗೆ ಕೇಳತೊಡಗಿದರು. ನನ್ನ ಗಂಡ ಇಷ್ಟು ಮೆತ್ತಗಾಗಿದ್ದಾನೆಂದರೆ ಎಲ್ಲೋ ಇನ್ನೊಬ್ಬಳನ್ನು ಇಟ್ಟುಕೊಂಡಿರಬೇಕು ಎಂದು ಬಾವಿಕಟ್ಟೆಯಲ್ಲಿ ಹನ್ನೆರಡೂ ಹೆಂಗಸರು ಪಿಸುಗುಟ್ಟಿದರು. ಆಮೇಲೆ ಆ ಪೇಟೆಯಲ್ಲಿ ಯಾರನ್ನೂ ಹಗ್ಗದಲ್ಲಿ ಕಟ್ಟಲಿಲ್ಲ.

ಕತೆ ಮುಗಿಯಿತು. ಬಸಲಿಂಗ ಎಲ್ಲವನ್ನೂ ಬರೆದುಕೊಂಡಿದ್ದ. ಪುಸ್ತಕದ ಹಾಳೆ ತಿರುವಿ, ತನಗೆ ಕೊಟ್ಟಿರುವುದು ಒಂದೇ ವಾರ, ಇದನ್ನು ಏಳು ದಿನಕ್ಕೆ ಹೇಗೆ ಹಂಚಲಿ ಎಂದು ಕೇಳಿದ.

ಅವ್ವ ಅವನನ್ನೇ ನೋಡಿದಳು.

"ಆ ಕೂಸಿನ ಹೆಸರೇನು ಎಂದು ನೀನು ಇನ್ನೂ ಕೇಳಲಿಲ್ಲವಲ್ಲ, ತಮ್ಮಾ."