ಚಿಕ್ಕೀರ ಬೀಜ ಬೇರೆ ಮಾಡಿದ್ದು, ಹೆಂಡ್ತೀನ ಆರಿಸಿದ್ದು

ಕೂತ್ಕೊಳ್ಳಿ, ಕೂತ್ಕೊಳ್ಳಿ. ನಗೋಕೆ ಬರದೋರು ಮಾತ್ರ ಎದ್ದು ಹೋಗ್ಬಹುದು.

ನಿಂಗಾಜಮ್ಮ ಅಂತ ಒಬ್ಬಳಿದ್ದಳು. ಅವಳಿಗೊಬ್ಬನೇ ಮಗ, ಚಿಕ್ಕೀರ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನ ಹೇಳಿದಂಗೇ ಮಾಡೋನು, ಅದೇ ತಾಪತ್ರಯ! "ಈ ಪೆದ್ದನಿಗೆ ಯಾರು ಹೆಣ್ಣು ಕೊಡ್ತಾರೋ ಶಿವನೇ! ಒಬ್ಬಳು ಸೊಸೆ ಬಂದ್ರೆ ಸಾಕಪ್ಪಾ" ಅಂತ ಅವಳು ದಿನಾ ಗೋಳಾಡೋಳು.

ಒಂದಿನ ಬಿತ್ತನೆ ಬೀಜದ ಗಂಟುಗಳನ್ನ ಇಲಿ ಕಡಿದು, ಸೋರೆ, ಸೌತೆ, ಹೀರೆ, ಕುಂಬಳ ಎಲ್ಲಾ ಕಲೆಸಿಹೋಯ್ತು. "ಇವನ್ನ ಬೇರೆಬೇರೆ ಮಾಡಿಡೋ. ಒಂದಕ್ಕೊಂದು ಸೇರಬಾರದು, ನೋಡು!" ಅಂದು ಅವ್ವ ನೀರಿಗೆ ಹೋದಳು. ಬಂದು ನೋಡ್ತಾಳೆ, ಕಾಲಿಡೋಕೆ ಜಾಗ ಇಲ್ಲ! ಇಲ್ಲೊಂದು ಬೀಜ, ಗೇಣು ಬಿಟ್ಟು ಇನ್ನೊಂದು ಬೀಜ. ಒಲೆ ಮೇಲೊಂದು, ಒನಕೆ ತುದೀಲೊಂದು, ಮಲಗಿದ್ದ ಬೆಕ್ಕಿನ ಬೆನ್ನ ಮೇಲೂ ಒಂದು.

"ಅಲ್ಲೇ ನಿಲ್ಲವ್ವಾ! ಇನ್ನೂ ಅರ್ಧ ಸೇರು ಐತೆ. ಪಕ್ಕದ ಮನೆಯೋರು ಜಾಗ ಕೊಡ್ತಾರಾ ಕೇಳು!"

"ಅಯ್ಯೋ ನನ್ನ ಹಣೆಬರಹವೇ! ಒಂದೇ ಥರದ್ದೆಲ್ಲ ಒಂದು ಗಂಟು ಕಟ್ಟಬೇಕು ಕಣೋ!"

"ಹಂಗಾ? ಮೊದಲೇ ಹೇಳಬಾರದಾ?"

ಪಟೇಲರ ಹೊಸ ಮನೆ ಒಕ್ಕಲು ಬಂತು. ಬಂದೋರ ಚಪ್ಪಲಿ ಕಾಯೋಕೆ ಚಿಕ್ಕೀರನ್ನ ಕೂರಿಸಿದ್ರು. ಊಟ ಮುಗಿಸಿ ಜನ ಬಂದ್ರೆ, ಎರಡು ದೊಡ್ಡ ಗಂಟು! ಎಡಗಾಲಿಂದೆಲ್ಲ ಒಂದರಲ್ಲಿ, ಬಲಗಾಲಿಂದೆಲ್ಲ ಇನ್ನೊಂದರಲ್ಲಿ. ಪಟೇಲರ ಮಾವನೋರು ಎರಡೂ ಎಡಗಾಲಿನ ಚಪ್ಪಲಿ ಮೆಟ್ಟಿ, ಬಯ್ಕೊಂಡು ಊರು ಸೇರಿದ್ರು.

"ಲೇ ಮುಟ್ಠಾಳ! ಎರಡೆರಡು ಜೋಡಿ ಮಾಡಿ ಕಟ್ಟಬೇಕು ಕಣೋ!" ಅಂದಳು ಅವ್ವ.

"ಹಂಗಾ? ಮೊದಲೇ ಹೇಳಬಾರದಾ?"

ಊರಿನ ಕುರಿಮರಿಗಳನ್ನೆಲ್ಲ ಹಗಲು ಒಂದೇ ದೊಡ್ಡೀಲಿ ಕೂಡೋರು. ಅವನ್ನ ಕಾಯೋಕೆ ಇವನು ಹೋದ. ಎರಡೆರಡು ಮರಿ ಹಿಡಿದ, ಕಾಲಿಗೆ ಕಾಲು ಕಟ್ಟಿದ. ಸಂಜೆ ತಾಯಿಕುರಿಗಳು ಬಂದು ಬ್ಯಾ ಅಂದ್ರೆ ಒಂದು ಮರಿ ಆ ಕಡೆ ಎಳೀತದೆ, ಇನ್ನೊಂದು ಈ ಕಡೆ! ಊರಿಗೂರೇ ಬಯ್ತು. ನಿಂಗಾಜಮ್ಮ ಅಳುತ್ತಾ ಅಂದಳು: "ನೀನು ಏನನ್ನೂ ಮುಟ್ಟಬೇಡ ಕಣಪ್ಪಾ! ಕೈಕಟ್ಟಿ ನಿಂತ್ಕೊ. ಎಲ್ಲಾರೂ ತಮ್ತಮ್ದು ಗುರುತು ಹಿಡಿದು ಕರ್ಕೊಂಡು ಹೋಗ್ಲಿ. ಕೊನೆಗೆ ಉಳಿದದ್ದೇ ನಮ್ದು!"

"ಹಂಗಾ? ಮೊದಲೇ ಹೇಳಬಾರದಾ?"

ಅಂತೂ ದೂರದ ಊರಿಂದ ಸಾಕವ್ವ ಅನ್ನೋ ಹುಡುಗಿ ಒಪ್ಪಿಬಿಟ್ಟಳು! ಸಾಮೂಹಿಕ ಮದುವೇಲಿ ತಾಳಿ. ನಲವತ್ತು ಮದುವಣಗಿತ್ತೀರು, ನಲವತ್ತೂ ಒಂದೇ ಹಸಿರು ಸೀರೆ, ಒಂದೇ ಬಾಸಿಂಗ. ಯಾರು ಯಾರು ಅಂತ ದೇವರಿಗೇ ಗೊತ್ತು! ಗಂಡುಗಳೆಲ್ಲ ಹೆಸರು ಕೂಗಿ ತಮ್ತಮ್ಮೋರ ಕೈ ಹಿಡಿದ್ರು. ನಮ್ಮ ಚಿಕ್ಕೀರ ತಾಳಿ ಹಿಡ್ಕೊಂಡು, ಕೈಕಟ್ಟಿ ನಿಂತ.

"ಏನ್ರೀ, ನಾನಿಲ್ಲಿವ್ನಿ!" ಅಂದಳು ಸಾಕವ್ವ.

"ಸುಮ್ನಿರಮ್ಮಾ! ಎಲ್ಲಾರೂ ಮೊದಲು ತಗೊಂಡು ಹೋಗ್ಲಿ."

ಓಲಗ ಜೋರಾಯ್ತು. ಅಕ್ಷತೆ ಬಿತ್ತು. ಮುಹೂರ್ತ ಮುಗೀತಾ ಬಂತು. ಸಾಕವ್ವನ ಮೈ ಉರಿದುಹೋಯ್ತು. "ಥೂ! ಇವನ ಜೊತೆ ಬಾಳ್ವೆ ಮಾಡೋದಾ?" ಅಂತ ಬಾಸಿಂಗ ಕಿತ್ತೆಸೆದು, ಅಪ್ಪನ ಕೈ ಹಿಡ್ಕೊಂಡು ನಡೆದೇಬಿಟ್ಟಳು.

ಜೋಡಿಗಳೆಲ್ಲ ಊಟಕ್ಕೆ ಹೋದ್ವು. ಹೆಂಗಸರ ಗುಂಪಲ್ಲಿ ಸಿಕ್ಕಿಕೊಂಡಿದ್ದ ನಿಂಗಾಜಮ್ಮ ಈಗ ಜಾಗ ಮಾಡ್ಕೊಂಡು ಓಡಿಬಂದಳು. "ತಾಳಿ ಕಟ್ಟಿದ್ಯೇನೋ? ಸೊಸೆ ಎಲ್ಲೋ?"

ಖಾಲಿ ಚಪ್ಪರದಲ್ಲಿ ಹಸಿರಾಗಿ ಉಳಿದಿದ್ದು ಒಂದೇ, ಬಾಗಿಲ ಪಕ್ಕದ ಬಾಳೆಕಂಬ. ಅದರ ಕೊರಳಿಗೆ ತಾಳಿ! ಚಿಕ್ಕೀರ ಅದನ್ನ ತಬ್ಕೊಂಡು ಬುಡ ಸಮೇತ ಎಳೀತಿದ್ದ.

"ಅಯ್ಯೋ ಪಾಪೀ! ಹಾಳಾದೋನೇ! ನನ್ನ ಮನೆ ಮುಳುಗಿಸಿದ್ಯಲ್ಲೋ!" ಅಂತ ಎದೆ ಬಡ್ಕೊಂಡಳು ಅವ್ವ.

ಚಿಕ್ಕೀರ ಓಡಿಬಂದು ಅವಳ ಬಾಯಿ ಮುಚ್ಚಿದ. "ಮೆಲ್ಲಗವ್ವಾ! ಬಂದ ದಿನಾನೇ ಸೊಸೆ ಎದುರಿಗೆ ಹಿಂಗೆ ಬಯ್ದ್ರೆ, ಅವಳು ನಮ್ಮನೇಲಿ ನಿಲ್ತಾಳಾ?"