ತಗಡಿನ ಬೆನ್ನು

ಹಳೆಯ ಜೀಪೊಂದರ ಹೊಟ್ಟೆಯಡಿ ಸೈಲೆನ್ಸರ್ ಕೊಳವೆಯೂ ಪೆಟ್ರೋಲು ಹರಿಯುವ ರಬ್ಬರ್ ಪೈಪೂ ಅಕ್ಕಪಕ್ಕದಲ್ಲಿದ್ದವು. ನಡುವೆ ಅಡ್ಡ ನಿಂತಿದ್ದದ್ದು ಒಂದು ತೆಳು ತಗಡು. ಬೋಲ್ಟು ಸಡಿಲವಾಗಿ, ಕಲ್ಲು ಸಿಕ್ಕಲ್ಲೆಲ್ಲ ಅದು ಗಡಗಡ ಎನ್ನುತ್ತಿತ್ತು.

“ಕೆಲಸವಿಲ್ಲದವನೇ, ಬಾಯಿ ಮುಚ್ಚಿಕೊಂಡಿರಬಾರದೇ?” ಎಂದು ಪೈಪು ಸಿಡುಕುತ್ತಿತ್ತು.

ಆ ಸದ್ದಿಗೆ ಜೀಪಿನ ಯಜಮಾನ ಮಾಚಯ್ಯನಿಗೂ ತಲೆ ಚಿಟ್ಟು ಹಿಡಿಯಿತು; ಅವನು ತಗಡನ್ನು ಕಿತ್ತು ಹಿಂದಿನ ಸೀಟಿನಡಿಗೆ ಎಸೆದ. ಪೈಪಿಗೆ ಹಬ್ಬವೋ ಹಬ್ಬ.

ಘಾಟಿ ಹತ್ತುವಾಗ ಪೈಪಿನ ಮೈ ಬೇಯತೊಡಗಿತು. “ಸೈಲೆನ್ಸರಣ್ಣ, ಇವತ್ತೇಕೆ ಹೀಗೆ ಉರಿಯುತ್ತಿದ್ದೀಯ?”

“ನಾನು ದಿನವೂ ಉರಿಯುವುದು ಇಷ್ಟೇ. ನಿನಗೆ ಗೊತ್ತಾದದ್ದು ಇವತ್ತು.”

ರಬ್ಬರ್ ಸುಟ್ಟ ವಾಸನೆ ಬಡಿದದ್ದೇ ತಡ, ಮಾಚಯ್ಯ ಗಾಬರಿಬಿದ್ದು ಜೀಪನ್ನು ಗ್ಯಾರೇಜಿಗೆ ಎಳೆಸಿದ.

“ಈ ತಗಡನ್ನು ಯಾರಾದರೂ ಕೀಳುತ್ತಾರಾ ಮಾಚಯ್ಯನವರೇ? ಪುಣ್ಯಕ್ಕೆ ಪೈಪು ತೂತಾಗಿಲ್ಲ,” ಎಂದು ಮೆಕ್ಯಾನಿಕ್ ಇದಿನಬ್ಬ ಗದರಿ, ಸೀಟಿನಡಿಯಿಂದ ತೆಗೆದ ಅದನ್ನು ಮಗುಚಿ ಹಾಕಿ ಸುತ್ತಿಗೆಯಿಂದ ತಟ್ಟಿ ಡೊಂಕು ತೆಗೆಯತೊಡಗಿದ.

ಆಗಲೇ ಪೈಪು ಮೊದಲ ಸಲ ತಗಡಿನ ಬೆನ್ನನ್ನು ಕಂಡಿತು. ತನ್ನ ಕಡೆಗಿದ್ದ ಮುಖ ಫಳಫಳ ಹೊಳೆಯುತ್ತಿದ್ದರೆ, ಸೈಲೆನ್ಸರಿನ ಕಡೆಗಿದ್ದ ಬೆನ್ನೆಲ್ಲ ಸುಟ್ಟು ಕರಕಲಾಗಿತ್ತು.

“ಇಷ್ಟು ದಿನ ನೀನು ಬೆಂದು ನನ್ನನ್ನು ಉಳಿಸಿದೆಯಲ್ಲೋ ತಮ್ಮ!”

“ನನಗೆ ಬೇರೆ ಕೆಲಸವಿರಲಿಲ್ಲವಲ್ಲ ಅಣ್ಣ,” ಎಂದಿತು ತಗಡು.

ಇದಿನಬ್ಬ ತಗಡನ್ನು ಸೈಲೆನ್ಸರಿಗೆ ತಾಗದಂತೆ, ಗಾಳಿಯಾಡಲು ಬೆರಳಗಲ ಜಾಗ ಬಿಟ್ಟು, ಹೊಸ ಬೋಲ್ಟು ಹಾಕಿ ಬಿಗಿದ. ಜೀಪು ಹೊರಟು ಮೊದಲ ಕಲ್ಲು ಹತ್ತಿಳಿಯಿತು. ಯಾವ ಸದ್ದೂ ಇಲ್ಲ.

ಪೈಪು ಗಾಬರಿಯಿಂದ ಕರೆಯಿತು. “ತಮ್ಮಾ, ಇದ್ದೀಯ ತಾನೇ? ಒಂಚೂರು ಗಡಗಡ ಅನ್ನಪ್ಪ.”